ಮೆಟ್ರೊ: ಪದಮೂಲ, ಅರ್ಥಗಳು ಮತ್ತು ಕನ್ನಡದ ಬಳಕೆ

ಮೆಟ್ರೊ: ನಗರದೊಳಗೆ ತನಗೆಂದೇ ಮೀಸಲಾದ ಹಳಿಗಳ ಮೇಲೆ, ರಸ್ತೆಯ ಸಂಚಾರಕ್ಕೆ ಸಿಕ್ಕಿಕೊಳ್ಳದೆ, ಕಡಿಮೆ ಅಂತರದ ನಿಲ್ದಾಣಗಳ ನಡುವೆ ಮೇಲಿಂದ ಮೇಲೆ ಓಡುವ ವಿದ್ಯುತ್ ರೈಲು, ಆ ರೈಲಿನ ಮಾರ್ಗ, ಅದನ್ನು ನಡೆಸುವ ವ್ಯವಸ್ಥೆ. ಮೂಲದಲ್ಲಿ ಗ್ರೀಕ್ ಪದ. ಲ್ಯಾಟಿನ್, ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳ ಮೂಲಕ ಸಾಗಿ ಜಗತ್ತಿನ ಬಹುಪಾಲು ಭಾಷೆಗಳನ್ನು ತಲುಪಿದೆ. ಕನ್ನಡದಲ್ಲಿ ಇದು ದಿನಬಳಕೆಯ ಮಾತಾಗಿ ನೆಲೆಯೂರಿದ್ದು 2011ರ ಅಕ್ಟೋಬರ್ 20ರಂದು ಬೆಂಗಳೂರಿನ ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಯ ನಡುವೆ ‘ನಮ್ಮ ಮೆಟ್ರೊ’ ಓಡಲಾರಂಭಿಸಿದ ಮೇಲೆ. ಈ ಬಗೆಯ ರೈಲಿಗೆ ಒಂದೊಂದು ಭಾಷೆ ಒಂದೊಂದು ಹೆಸರು ಕೊಟ್ಟಿದೆ. ಕೆಲವು ಅದು ಓಡುವ ಜಾಗವನ್ನು ನೋಡಿ ಹೆಸರಿಟ್ಟವು, ಕೆಲವು ಆಕಾರವನ್ನು, ಕೆಲವು ವೇಗವನ್ನು. ಮೆಟ್ರೊ ಎಂಬ ಪದದಲ್ಲಿ ಮಾತ್ರ ರೈಲಿನ ಗುಣ ಯಾವುದೂ ಇಲ್ಲ, ಇರುವುದು ಊರು. ಎಲ್ಲಿಗೆ ಹೋದರೂ ಅದು ಹೊಂದಿಕೊಂಡದ್ದಕ್ಕೆ ಮುಖ್ಯ ಕಾರಣವೂ ಇದೇ.

ಪದಮೂಲ

ಮೆಟ್ರೊ ಎಂಬುದು ಮೆಟ್ರೊಪಾಲಿಟನ್ ಎಂಬುದರ ಮೊಟಕು ರೂಪ. ಅದರ ತಳದಲ್ಲಿರುವುದು ಗ್ರೀಕಿನ ‘ಮೇಟ್ರೊಪೊಲಿಸ್’. ‘ಮೇಟೇರ್’ ಎಂದರೆ ತಾಯಿ, ‘ಪೊಲಿಸ್’ ಎಂದರೆ ನಗರ, ನಗರರಾಜ್ಯ. ಪ್ರಾಚೀನ ಗ್ರೀಕರು ಕಡಲು ದಾಟಿ ಹೊಸ ನೆಲೆಗಳನ್ನು ಕಟ್ಟಿಕೊಂಡಾಗ, ತಾವು ಹೊರಟುಬಂದ ಊರನ್ನು ತಾಯಿನಗರ ಎನ್ನುತ್ತಿದ್ದರು. ಸಿಸಿಲಿಯ ಸಿರಾಕ್ಯೂಸಿಗೆ ಕೊರಿಂಥ್ ಹೀಗೊಂದು ತಾಯಿನಗರ. ಆರಂಭದಲ್ಲಿ ಊರಿನ ಗಾತ್ರಕ್ಕೂ ಈ ಪದಕ್ಕೂ ನಂಟಿರಲಿಲ್ಲ. ಪದ ಹೇಳುತ್ತಿದ್ದುದು ಬಳ್ಳಿ ಎಲ್ಲಿಂದ ಹಬ್ಬಿತು ಎಂಬುದನ್ನು.

ಎರಡು ಧಾತುಗಳೂ ಕನ್ನಡಿಗರಿಗೆ ಬೇರೆ ದಾರಿಯಿಂದ ಪರಿಚಿತವಾದವೇ. ಗ್ರೀಕಿನ ‘ಮೇಟೇರ್’ ಮತ್ತು ಸಂಸ್ಕೃತದ ‘ಮಾತೃ’ ಒಂದೇ ಇಂಡೊ-ಯುರೋಪಿಯನ್ ಮೂಲದಿಂದ ಬಂದವು. ‘ಪೊಲಿಸ್’ ಮತ್ತು ಸಂಸ್ಕೃತದ ‘ಪುರ್’, ‘ಪುರ’ ಸಹ ಸಜಾತಿ ಪದಗಳೆಂದು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ. ಋಗ್ವೇದದಲ್ಲಿ ‘ಪುರ್’ ಎಂದರೆ ಕೋಟೆ ಕಟ್ಟಿದ ನೆಲೆ, ಮುಂದೆ ‘ಪುರ’ ಊರಿನ ಸಾಮಾನ್ಯ ಹೆಸರಾಯಿತು. ಧಾತುಗಳನ್ನು ಒಂದಕ್ಕೊಂದು ಹೊಂದಿಸಿ ಬರೆದರೆ ಮೆಟ್ರೊಪೊಲಿಸ್ ಎಂದರೆ ಮಾತೃಪುರ. ಬೆಂಗಳೂರಿನ ದಕ್ಷಿಣದ ಅಂಜನಾಪುರ, ತಲಘಟ್ಟಪುರಗಳ ಕೊನೆಯ ಎರಡಕ್ಷರ ಮೆಟ್ರೊಪೊಲಿಸ್ಸಿನ ಉತ್ತರಾರ್ಧಕ್ಕೆ ದೂರದ ನೆಂಟ. ಗ್ರೀಕಿನ ‘ಪೊಲಿಸ್’ನಿಂದ ಹುಟ್ಟಿ ಕನ್ನಡಕ್ಕೆ ಬಂದ ಇನ್ನೊಂದು ಪದ ಪೊಲೀಸ್.

ಮೆಟ್ರೊವನ್ನು ಮೀಟರಿನೊಂದಿಗೆ ಬೆರೆಸಬಾರದು. ಮೀಟರ್ ಬಂದಿರುವುದು ಅಳತೆ ಎಂಬ ಅರ್ಥದ ‘ಮೆಟ್ರಾನ್’ ಎಂಬ ಬೇರೊಂದು ಗ್ರೀಕ್ ಪದದಿಂದ. ಅದರ ಸಂಸ್ಕೃತದ ಸಂಬಂಧಿ ‘ಮಾತ್ರಾ’, ಕನ್ನಡ ಛಂದಸ್ಸಿನ ಮಾತ್ರೆ. ಆಟೋದ ಮೀಟರಿಗೂ ಮೇಲೆ ಓಡುವ ಮೆಟ್ರೊಗೂ ಸದ್ದಿನ ಹೋಲಿಕೆಯ ಹೊರತು ರಕ್ತಸಂಬಂಧವಿಲ್ಲ.

ತಾಯಿನಗರದಿಂದ ರಾಜಧಾನಿಗೆ

ರೋಮನ್ ಆಡಳಿತದಲ್ಲಿ ಮೆಟ್ರೊಪೊಲಿಸ್ ಎಂದರೆ ಪ್ರಾಂತದ ಮುಖ್ಯಪಟ್ಟಣ ಎಂದಾಯಿತು. ಕ್ರೈಸ್ತ ಧರ್ಮಸಭೆ ಅದೇ ವ್ಯವಸ್ಥೆಯನ್ನು ಅನುಸರಿಸಿ, ಮುಖ್ಯಪಟ್ಟಣದ ಧರ್ಮಾಧ್ಯಕ್ಷರನ್ನು ಮೆಟ್ರೊಪಾಲಿಟನ್ ಎಂದು ಕರೆಯಿತು. ಈ ಅರ್ಥ ರೈಲಿಗಿಂತ ಬಹಳ ಮೊದಲೇ ಭಾರತದ ಪಶ್ಚಿಮ ಕರಾವಳಿಯನ್ನು ಮುಟ್ಟಿತ್ತು. ಕೇರಳದ ಸಿರಿಯನ್ ಸಂಪ್ರದಾಯದ ಸಭೆಗಳಲ್ಲಿ ಮೆಟ್ರೊಪಾಲಿಟನ್ ಇಂದಿಗೂ ಜೀವಂತ ಪದವಿ. 1889ರಲ್ಲಿ ಅಭಿಷಿಕ್ತರಾದ ಅಲ್ವಾರಿಸ್ ಮಾರ್ ಜೂಲಿಯಸ್ ಅವರು ಗೋವಾ, ಸಿಲೋನ್ ಮತ್ತು ಭಾರತದ ಮೆಟ್ರೊಪಾಲಿಟನ್ ಎನಿಸಿದರು. ಈಗಿನ ಉಡುಪಿ ಜಿಲ್ಲೆಯ ಬ್ರಹ್ಮಾವರದ ಆರ್ಥೊಡಾಕ್ಸ್ ಸಮುದಾಯ ಅವರ ಕಾಲದಿಂದ ಬೆಳೆದುಬಂದದ್ದು. ಕರ್ನಾಟಕದ ನೆಲದಲ್ಲಿ ಈ ಪದ ಮೊದಲು ಕೇಳಿಸಿದ ಎಡೆಗಳಲ್ಲಿ ಧರ್ಮಸಭೆಯೂ ಒಂದು.

ಇಂಗ್ಲಿಷಿನಲ್ಲಿ ‘ದಿ ಮೆಟ್ರೊಪೊಲಿಸ್’ ಎಂದರೆ ಲಂಡನ್ ಎಂದೇ ರೂಢಿಯಾಗಿತ್ತು. ಹಾಗಾಗಿ ಲಂಡನ್ನಿನ ನೆಲದಡಿ ಉಗಿಯಂತ್ರದ ರೈಲು ಓಡಿಸಲು ಹೊರಟ ಕಂಪನಿ ತನ್ನನ್ನು ಮೆಟ್ರೊಪಾಲಿಟನ್ ರೈಲ್ವೆ ಎಂದು ಕರೆದುಕೊಂಡಿತು. 1863ರ ಜನವರಿ 10ರಂದು ಪ್ಯಾಡಿಂಗ್ಟನ್ ಮತ್ತು ಫ್ಯಾರಿಂಗ್ಡನ್ ನಡುವೆ ತೆರೆದ ಈ ಮಾರ್ಗವೇ ಜಗತ್ತಿನ ಮೊದಲ ನೆಲದಡಿಯ ಪ್ರಯಾಣಿಕ ರೈಲು. ಆ ಹೆಸರಿನಲ್ಲಿ ಸುರಂಗದ ಸುಳಿವೂ ಇಲ್ಲ. ಮಹಾನಗರಕ್ಕೆ ಸೇರಿದ ರೈಲು ಎಂಬಷ್ಟೇ ಅದರ ಅರ್ಥ.

ಪ್ಯಾರಿಸ್ ಮತ್ತು ಮೊಟಕು ರೂಪ

ಲಂಡನ್ ಕೊಟ್ಟ ಹೆಸರಿಗೆ ಇಂದಿನ ರೂಪ ಕೊಟ್ಟದ್ದು ಪ್ಯಾರಿಸ್. ಅಲ್ಲಿ 1900ರ ಜುಲೈ 19ರಂದು, ವಿಶ್ವ ವಸ್ತುಪ್ರದರ್ಶನ ನಡೆಯುತ್ತಿದ್ದಾಗ, ಮೊದಲ ಮಾರ್ಗ ಶುರುವಾಯಿತು. ಅದನ್ನು ರೂಪಿಸಿದ ಎಂಜಿನಿಯರ್ ಫುಲ್ಜಾಂಸ್ ಬಿಯಾಂವೆನ್ಯೂ. ನಡೆಸುತ್ತಿದ್ದ ಕಂಪನಿಯ ಹೆಸರಿನಲ್ಲಿ ‘ಶೆಮಾಂ ದ ಫೆರ್ ಮೆಟ್ರೊಪೊಲಿತಾಂ’ ಎಂಬ ಮಾತಿತ್ತು. ಮಹಾನಗರದ ಕಬ್ಬಿಣದ ದಾರಿ ಎಂದು ಅದರ ಅರ್ಥ. ಎಕ್ತೊರ್ ಗೀಮಾರ್ ವಿನ್ಯಾಸ ಮಾಡಿದ ಕಬ್ಬಿಣದ ಬಳ್ಳಿಗಳ ಪ್ರವೇಶದ್ವಾರಗಳ ಮೇಲೆ ‘ಮೆಟ್ರೊಪೊಲಿತಾಂ’ ಎಂದು ಪೂರ್ತಿಯಾಗಿ ಬರೆಯಲಾಗಿತ್ತು. ಜನರ ಬಾಯಲ್ಲಿ ಅದು ಬೇಗನೆ ‘ಮೆತ್ರೊ’ ಆಯಿತು. ತಾಯಿಯ ಭಾಗ ಉಳಿದು ನಗರದ ಭಾಗ ಹೆಚ್ಚುಕಡಿಮೆ ಪೂರ್ತಿ ಕಳಚಿತು.

ಇಲ್ಲಿಂದ ಹರಡಿದ್ದು ಫ್ರೆಂಚ್ ರೂಪ. ಮ್ಯಾಡ್ರಿಡ್ 1919ರಲ್ಲಿ ಮೆಟ್ರೊ ಕಂಡಿತು. ಮಾಸ್ಕೊ 1935ರ ಮೇ 15ರಂದು ತನ್ನ ‘ಮೆಟ್ರೊಪೊಲಿತೆನ್’ ಅನ್ನು ತೆರೆಯಿತು, ರಷ್ಯನ್ನರ ಆಡುಮಾತಿನಲ್ಲಿ ಅದೂ ‘ಮೆತ್ರೊ’. ಲಿಸ್ಬನ್ನಿನಲ್ಲಿ 1959ರಲ್ಲಿ, ಮಾಂಟ್ರಿಯಲ್ಲಿನಲ್ಲಿ 1966ರಲ್ಲಿ ಅದೇ ಹೆಸರು ಬಂತು. 1976ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರ ತನ್ನ ರೈಲನ್ನು ಮೆಟ್ರೊ ಎಂದಾಗ, ಇಂಗ್ಲಿಷಿನಿಂದ ಹೊರಟ ಪದ ಫ್ರೆಂಚ್ ಉಡುಪಿನಲ್ಲಿ ಇಂಗ್ಲಿಷಿಗೇ ಮರಳಿತು. ಕೈರೊ ನಗರದಲ್ಲಿ ಟ್ರಾಮನ್ನೂ ಮೆಟ್ರೊ ಎನ್ನುವ ರೂಢಿಯಿತ್ತು. 1987ರಲ್ಲಿ ನೆಲದಡಿಯ ರೈಲು ಬಂದಾಗ ಅರಬ್ಬಿಯಲ್ಲಿ ಅದನ್ನು ‘ಮೆಟ್ರೊ ಅಲ್-ಅನ್ಫಾಕ್’, ಅಂದರೆ ಸುರಂಗಗಳ ಮೆಟ್ರೊ ಎಂದು ಬಿಡಿಸಿ ಹೇಳಲಾಯಿತು.

ಬೇರೆ ಹೆಸರುಗಳು

ಮೆಟ್ರೊ ಎನ್ನದ ಭಾಷೆಗಳು ತಮ್ಮ ಕಣ್ಣಿಗೆ ಮೊದಲು ಬಿದ್ದ ಗುಣವನ್ನು ಹೆಸರಾಗಿಸಿಕೊಂಡವು. ಅವುಗಳನ್ನು ನಾಲ್ಕು ಗುಂಪು ಮಾಡಬಹುದು.

ನೆಲದಡಿ ಎಂಬ ಅರ್ಥದವು: ಈ ಗುಂಪು ಎಲ್ಲಕ್ಕಿಂತ ದೊಡ್ಡದು. ಬುಡಾಪೆಸ್ಟ್ 1896ರಲ್ಲಿ ತೆರೆದ ತನ್ನ ಮಾರ್ಗವನ್ನು ‘ಫೊಲ್ಡಲಟ್ಟಿ’ ಎಂದಿತು. ಹಂಗೇರಿಯನ್ನಿನಲ್ಲಿ ಅದಕ್ಕೆ ನೆಲದ ಕೆಳಗಿನದು ಎಂದರ್ಥ. 1970ರಿಂದ ಶುರುವಾದ ಹೊಸ ಮಾರ್ಗಗಳಿಗೆ ಅದೇ ನಗರ ಮೆಟ್ರೊ ಎಂಬ ಹೆಸರನ್ನು ಬಳಸಿತು. ಹೀಗೆ ಎರಡು ಪದಗಳೂ ಅಲ್ಲಿ ಅಕ್ಕಪಕ್ಕ ಬಾಳುತ್ತಿವೆ. ಜರ್ಮನ್ನಿನ ‘ಊ-ಬಾನ್’ ಎಂಬುದರ ವಿಸ್ತಾರ ‘ಉಂಟರ್‌ಗ್ರುಂಡ್‌ಬಾನ್’, ನೆಲದಡಿಯ ಹಾದಿ. ಬರ್ಲಿನ್ನಿನಲ್ಲಿ ಅದು 1902ರಲ್ಲಿ ಓಡಿತು. ಬ್ಯೂನಸ್ ಐರಿಸ್ 1913ರ ಡಿಸೆಂಬರ್ 1ರಂದು ತೆರೆದ ರೈಲಿಗೆ ‘ಸುಬ್ತೆ’ ಎಂದು ಹೆಸರು, ‘ಸುಬ್ತೆರ್ರಾನಿಯೊ’ ಎಂಬುದರ ಮೊಟಕು ರೂಪ. ಟೋಕಿಯೊದಲ್ಲಿ 1927ರಲ್ಲಿ ಹುಟ್ಟಿದ್ದು ‘ಚಿಕತೆತ್ಸು’: ನೆಲದಡಿ ಎಂಬ ಅರ್ಥದ ‘ಚಿಕ’, ಕಬ್ಬಿಣದ ದಾರಿ ಎಂಬುದರ ಮೊಟಕು ‘ತೆತ್ಸು’. ಅದೇ ಚೀನೀ ಮೂಲದ ಅಕ್ಷರಗಳಿಂದ ಚೀನಾದ ‘ದೀತಿಯೆ’, ಕೊರಿಯಾದ ‘ಜಿಹಾಚೊಲ್’ ಆದವು.

‘ಸಬ್‌ವೇ’ ಕೂಡ ಇದೇ ಗುಂಪಿನದು. ಲ್ಯಾಟಿನ್ನಿನ ‘ಸಬ್’ ಎಂದರೆ ಕೆಳಗೆ, ಇಂಗ್ಲಿಷಿನ ‘ವೇ’ ಎಂದರೆ ದಾರಿ. ಬಾಸ್ಟನ್ 1897ರಲ್ಲಿ, ನ್ಯೂಯಾರ್ಕ್ 1904ರಲ್ಲಿ ಇದನ್ನು ರೈಲಿಗೆ ಬಳಸಿದವು. ಬ್ರಿಟನ್ನಿನಲ್ಲಿ ಗ್ಲಾಸ್ಗೊ ನಗರದ ರೈಲನ್ನು ಬಿಟ್ಟರೆ ಸಬ್‌ವೇ ಎಂದರೆ ಸಾಮಾನ್ಯವಾಗಿ ರಸ್ತೆಯಡಿಯ ಕಾಲುದಾರಿ. ಬೆಂಗಳೂರಿನ ಕನ್ನಡಕ್ಕೆ ಬಂದಿರುವುದು ಆ ಬ್ರಿಟಿಷ್ ಅರ್ಥ. ಮೆಜೆಸ್ಟಿಕ್ಕಿನ ಸಬ್‌ವೇ ಎಂದರೆ ಪಾದಚಾರಿಗಳು ರಸ್ತೆ ದಾಟುವ ಸುರಂಗ. ಕನ್ನಡದಲ್ಲಿ ಸಬ್‌ವೇ ಎಂಬ ಸ್ಥಾನ ಮೊದಲೇ ಭರ್ತಿಯಾಗಿದ್ದುದರಿಂದ ರೈಲಿಗೆ ಆ ಹೆಸರು ಹೊಂದುವಂತಿರಲಿಲ್ಲ.

ಆಕಾರ ಅಥವಾ ಕಟ್ಟೋಣವನ್ನು ಹೇಳುವವು: ಲಂಡನ್ನಿನಲ್ಲಿ 1900ರಲ್ಲಿ ತೆರೆದ ಸೆಂಟ್ರಲ್ ಲಂಡನ್ ರೈಲ್ವೆ ಕೊಳವೆಯಂಥ ಆಳದ ಸುರಂಗದಲ್ಲಿ ಓಡುತ್ತಿತ್ತು. ಎಷ್ಟೇ ದೂರ ಹೋದರೂ ಟಿಕೆಟ್ಟಿಗೆ ಎರಡು ಪೆನ್ನಿ. ಅದನ್ನು ಜನ ‘ಎರಡು ಪೆನ್ನಿಯ ಟ್ಯೂಬ್’ ಎಂದರು. ಇಂದು ಇಡೀ ವ್ಯವಸ್ಥೆಯೇ ಅಲ್ಲಿ ಟ್ಯೂಬ್, ಇಲ್ಲವೇ ಅಂಡರ್‌ಗ್ರೌಂಡ್. ಮೆಟ್ರೊಪಾಲಿಟನ್ ಎಂಬುದು ಅಲ್ಲಿನ ಒಂದು ಮಾರ್ಗದ ಹೆಸರಾಗಿ ಮಾತ್ರ ಉಳಿದಿದೆ. ಸ್ಟಾಕ್‌ಹೋಮಿನಲ್ಲಿ 1950ರಲ್ಲಿ ತೆರೆದದ್ದು ‘ಟನಲ್‌ಬಾನಾ’, ಸುರಂಗದ ಹಾದಿ.

ಎತ್ತರವನ್ನು ಹೇಳುವವು: ಶಿಕಾಗೊದ ‘ಎಲ್’ ಎಂಬುದು ಎತ್ತರಿಸಿದ್ದು ಎಂಬ ಅರ್ಥದ ಇಂಗ್ಲಿಷ್ ಪದದ ಮೊದಲ ಉಚ್ಚಾರಾಂಶ. 1892ರಿಂದ ಅಲ್ಲಿ ಕಂಬಗಳ ಮೇಲೆ ರೈಲು ಓಡುತ್ತಿದೆ. ಹ್ಯಾಂಬರ್ಗಿನ ಕಂಪನಿ ‘ಹೋಕ್‌ಬಾನ್’, ಎತ್ತರದ ಹಾದಿ.

ವೇಗ ಅಥವಾ ಶಕ್ತಿಯನ್ನು ಹೇಳುವವು: ತೈವಾನಿನ ತೈಪೆಯಲ್ಲಿ 1996ರಲ್ಲಿ ಬಂದ ರೈಲು ‘ಜಿಯೆಯುನ್’, ಶೀಘ್ರ ಸಾಗಣೆ. ಸಿಂಗಪುರದ ಎಂಆರ್‌ಟಿ (1987) ಸಾಮೂಹಿಕ ಶೀಘ್ರ ಸಾರಿಗೆ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ಥಾಯ್ ಭಾಷೆಯ ‘ರೊಟ್ ಫೈ ಫಾ’ ಎಂದರೆ ವಿದ್ಯುತ್ ರೈಲು. ಅದರ ಮೊದಲ ಪದ ‘ರೊಟ್’ ಸಂಸ್ಕೃತದ ‘ರಥ’ದಿಂದ ಬಂದದ್ದು. ಬ್ಯಾಂಕಾಕಿನಲ್ಲಿ 1999ರಿಂದ ಕಂಬಗಳ ಮೇಲೆ ಓಡುತ್ತಿರುವುದು ಹೆಸರಿನ ಮಟ್ಟಿಗೆ ಒಂದು ರಥ.

ಭಾರತದಲ್ಲಿ

ದೇಶದ ಮೊದಲ ಮೆಟ್ರೊ 1984ರ ಅಕ್ಟೋಬರ್ 24ರಂದು ಕೋಲ್ಕತ್ತಾದ ಎಸ್‌ಪ್ಲನೇಡ್ ಮತ್ತು ಭವಾನಿಪುರದ ನಡುವೆ ಓಡಿತು. ಬಂಗಾಳಿಗಳು ಅದಕ್ಕೆ ‘ಪಾತಾಲ್ ರೇಲ್’ ಎಂದು ತಮ್ಮದೇ ಹೆಸರಿಟ್ಟರು. ಸಂಸ್ಕೃತದ ಪಾತಾಳವೇ ಅಲ್ಲಿರುವುದು. ಆದರೆ 2022ರ ಡಿಸೆಂಬರಿನಲ್ಲಿ ಢಾಕಾದಲ್ಲಿ ಕಂಬಗಳ ಮೇಲೆ ರೈಲು ಬಂದಾಗ ಅದೇ ಬಂಗಾಳಿ ‘ಮೆಟ್ರೊರೇಲ್’ ಎಂದಿತು. ಆಕಾಶದಲ್ಲಿ ಓಡುವುದನ್ನು ಪಾತಾಳ ಎನ್ನಲಾಗದು. ದೆಹಲಿ ಮೆಟ್ರೊ 2002ರ ಡಿಸೆಂಬರ್ 24ರಂದು ಶಾಹದರಾ ಮತ್ತು ತೀಸ್ ಹಜಾರಿ ನಡುವೆ ಶುರುವಾದ ಮೇಲೆ ಹಿಂದಿಯಲ್ಲಿ ಮೆಟ್ರೊ ಸ್ಥಿರವಾಯಿತು. ಮುಂಬೈ (2014), ಚೆನ್ನೈ (2015), ಕೊಚ್ಚಿ (2017), ಹೈದರಾಬಾದ್ (2017) ಅದೇ ಹೆಸರನ್ನು ತೆಗೆದುಕೊಂಡವು.

ರೈಲಿಗೆ ಮುಂಚೆಯೇ ಭಾರತೀಯ ಇಂಗ್ಲಿಷಿನಲ್ಲಿ ಮೆಟ್ರೊ ಎಂದರೆ ದೊಡ್ಡ ನಗರ, ಬಹುಕಾಲ ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ ಎಂಬ ನಾಲ್ಕೇ. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಸಂಬಳದ ಶೇ 50ರಷ್ಟು ಮನೆ ಬಾಡಿಗೆ ಭತ್ಯೆಯ ಲೆಕ್ಕ ಈ ನಾಲ್ಕು ನಗರಗಳಿಗೆ ಮೀಸಲಾಗಿತ್ತು. ಬೆಂಗಳೂರು ಶೇ 40ರ ಪಟ್ಟಿಯಲ್ಲಿತ್ತು. ಹೀಗಾಗಿ ಬೆಂಗಳೂರಿನಲ್ಲಿ ಮೆಟ್ರೊ ಓಡತೊಡಗಿದ ಮೇಲೂ ತೆರಿಗೆಯ ಈ ಲೆಕ್ಕದಲ್ಲಿ ಆ ಊರು ಮೆಟ್ರೊ ಆಗಿರಲಿಲ್ಲ. ಸಂವಿಧಾನದ ಅಳತೆ ಬೇರೆ. 74ನೇ ತಿದ್ದುಪಡಿಯಿಂದ ಬಂದ 243ಪಿ ವಿಧಿಯಂತೆ ಹತ್ತು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ಪ್ರದೇಶ ಮಹಾನಗರ ಪ್ರದೇಶವಾಗುತ್ತದೆ.

ಕನ್ನಡದಲ್ಲಿ

ಕನ್ನಡ ಈ ಪದಕುಟುಂಬವನ್ನು ಎರಡು ರೀತಿಯಲ್ಲಿ ನಡೆಸಿಕೊಂಡಿತು. ಉದ್ದನೆಯ ಮೆಟ್ರೊಪಾಲಿಟನ್ನನ್ನು ಅನುವಾದಿಸಿತು, ಗಿಡ್ಡ ಮೆಟ್ರೊವನ್ನು ಹಾಗೆಯೇ ಇಟ್ಟುಕೊಂಡಿತು. 1997ರಲ್ಲಿ ಬೇರೆಯಾಗಿ ರೂಪುಗೊಂಡ ಬಿಎಂಟಿಸಿಯ ಹೆಸರಿನಲ್ಲೂ ಮೆಟ್ರೊಪಾಲಿಟನ್ ಇದೆ, ಕನ್ನಡದಲ್ಲಿ ಅದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ. ಅನುವಾದದಲ್ಲಿ ಗ್ರೀಕಿನ ತಾಯಿ ಹೋಗಿ ಸಂಸ್ಕೃತದ ‘ಮಹಾ’ ಬಂತು. ಪದದ ಒಳಗಿನ ಸಂಬಂಧ ಗಾತ್ರವಾಗಿ ಬದಲಾಯಿತು. ಮೂಲದಲ್ಲಿ ಬಸ್ಸಿನ ಹೆಸರೂ ರೈಲಿನ ಹೆಸರೂ ಒಂದೇ ಪದದ ಮಕ್ಕಳು ಎಂಬುದು ಕನ್ನಡದ ಹೆಸರುಗಳಲ್ಲಿ ಈಗ ಕಾಣುವುದಿಲ್ಲ.

ಉಗಿ ರೈಲು ಬಂದಾಗ ಕನ್ನಡ ‘ಉಗಿಬಂಡಿ’ ಎಂಬ ಸೊಗಸಾದ ಪದವನ್ನು ಕಟ್ಟಿತ್ತು. ಬೆಂಗಳೂರಿಗೆ ಜೋಲಾರಪೇಟೆಯಿಂದ ರೈಲು ಬಂದದ್ದು 1864ರಲ್ಲಿ. ಆದರೂ ಮಾತಿನಲ್ಲಿ ಗೆದ್ದದ್ದು ‘ರೈಲು’, ಉಕಾರ ಸೇರಿಸಿಕೊಂಡು ಕನ್ನಡವಾದ ಪದ. ಮೆಟ್ರೊಗೆ ಅಂಥ ಸೇರ್ಪಡೆಯೂ ಬೇಕಾಗಲಿಲ್ಲ, ಅದು ಸ್ವರದಲ್ಲೇ ಮುಗಿಯುತ್ತದೆ. ಬರಹದಲ್ಲಿ ‘ಮೆಟ್ರೊ’, ‘ಮೆಟ್ರೋ’ ಎರಡೂ ಇವೆ. ವಿಭಕ್ತಿಗಳು ಸರಾಗವಾಗಿ ಹತ್ತುತ್ತವೆ: ಮೆಟ್ರೊವನ್ನು, ಮೆಟ್ರೊದಿಂದ, ಮೆಟ್ರೊದ, ಮೆಟ್ರೊದಲ್ಲಿ. ಇಷ್ಟರಲ್ಲಿ ಅದು ‘ಮರ’ದ ಹಾಗೆ. ಚತುರ್ಥಿಯಲ್ಲಿ ಮಾತ್ರ ‘ಮರಕ್ಕೆ’ಯಂತಾಗದೆ ‘ಮನೆಗೆ’ಯಂತೆ ‘ಮೆಟ್ರೊಗೆ’ ಆಗುತ್ತದೆ. ಆಟೋ, ರೇಡಿಯೊಗಳದೂ ಇದೇ ದಾರಿ. ರಷ್ಯನ್ನಿನಲ್ಲಿ ಇದೇ ಪದ ಯಾವ ವಿಭಕ್ತಿಗೂ ಬಾಗದ ಅವ್ಯಯದಂತೆ ನಿಲ್ಲುತ್ತದೆ. ಹೊರಗಿನ ಪದವನ್ನು ತನ್ನ ವ್ಯಾಕರಣಕ್ಕೆ ಬಾಗಿಸಿಕೊಳ್ಳುವ ಕಸುವು ಕನ್ನಡಕ್ಕಿದೆ, ಹಾಗೆ ಬಾಗಿದ ಪದವನ್ನು ಪರಕೀಯ ಎನ್ನಲು ಕಾರಣವಿಲ್ಲ.

ಆಡುಮಾತಿನಲ್ಲಿ ಅರ್ಥವೂ ಹಿಗ್ಗಿದೆ. ‘ಮೆಟ್ರೊ ಬಂತು’ ಎಂದರೆ ರೈಲು. ‘ಮೆಟ್ರೊ ಹತ್ರ ಇಳಿಸಿ’ ಎಂದರೆ ನಿಲ್ದಾಣ. ‘ನಮ್ಮ ಕಡೆ ಮೆಟ್ರೊ ಇನ್ನೂ ಬಂದಿಲ್ಲ’ ಎಂದರೆ ಮಾರ್ಗ. ‘ಮೆಟ್ರೊ ಪಿಲ್ಲರ್’ ಎಂದು ನಂಬರ್ ಹೇಳಿದರೆ ಅದೇ ವಿಳಾಸ.

‘ನಮ್ಮ’

ನಗರದ ರೈಲು ಯೋಜನೆಗೆ 1994ರಲ್ಲಿ ಹುಟ್ಟಿದ ಸಂಸ್ಥೆಯ ಹೆಸರಿನಲ್ಲಿದ್ದದ್ದು ಮಾಸ್ ರ‍್ಯಾಪಿಡ್ ಟ್ರಾನ್ಸಿಟ್, ಅಂದರೆ ವೇಗದ ಗುಂಪಿನ ಹೆಸರು. ಮುಂದೆ ಸಂಸ್ಥೆ ಬೆಂಗಳೂರು ಮೆಟ್ರೊ ರೈಲು ನಿಗಮವಾಯಿತು. 2006ರ ಜೂನ್ 24ರಂದು ಪ್ರಧಾನಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ಮಾಡಿದರು. ಸೇವೆಗೆ ಇಟ್ಟ ಹೆಸರು ‘ನಮ್ಮ ಮೆಟ್ರೊ’.

ಮೆಟ್ರೊ ಎಂಬ ಪದದ ಜಾಗತಿಕ ಚರಿತ್ರೆಗೆ ಕನ್ನಡ ಕೊಟ್ಟ ಕಾಣಿಕೆ ಈ ಎರಡಕ್ಷರ. ಪ್ಯಾರಿಸ್, ಮಾಸ್ಕೊ, ದೆಹಲಿಗಳು ಊರಿನ ಹೆಸರನ್ನು ಮುಂದಿಟ್ಟವು. ಬೆಂಗಳೂರು ಸರ್ವನಾಮವನ್ನು ಮುಂದಿಟ್ಟಿತು. ತಮಿಳಿನಲ್ಲಿ ಕೇಳುವವರನ್ನು ಸೇರಿಸಿಕೊಳ್ಳುವ ‘ನಮ್ಮ’, ಹೊರಗಿಡುವ ‘ಎಂಗ’ ಎಂಬ ಭೇದವಿದೆ. ತೆಲುಗಿನಲ್ಲಿ ‘ಮನ’ ಮತ್ತು ‘ಮಾ’ ಹಾಗೆಯೇ. ಇಂದಿನ ಕನ್ನಡದಲ್ಲಿ ಆ ಭೇದವಿಲ್ಲ, ಎರಡಕ್ಕೂ ‘ನಮ್ಮ’ ಒಂದೇ. ತಮಿಳು ಬಲ್ಲ ಪ್ರಯಾಣಿಕರ ಕಿವಿಗೆ ‘ನಮ್ಮ ಮೆಟ್ರೊ’ ಎಂಬುದು ‘ನಿಮ್ಮದೂ ನಮ್ಮದೂ’ ಎಂದೇ ಕೇಳುತ್ತದೆ. ಹಲವು ಭಾಷೆಗಳ ಊರಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ. 2022ರ ಕೊನೆಯಲ್ಲಿ ಶುರುವಾದ ‘ನಮ್ಮ ಕ್ಲಿನಿಕ್’ನಂಥ ಸರ್ಕಾರಿ ಸೇವೆಗಳ ಹೆಸರಿನಲ್ಲೂ ಇದೇ ಮಾದರಿ ಕಾಣುತ್ತದೆ.

‘ನಮ್ಮ’ ಎಂಬ ಮಾತಿಗೆ ಬೆಲೆ ಬರುವುದು ಫಲಕ ಮತ್ತು ದನಿಗಳಲ್ಲಿ ಅದು ನಿಜವಾದಾಗ. 2017ರಲ್ಲಿ ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ ಕನ್ನಡಪರ ಸಂಘಟನೆಗಳು ಚಳವಳಿ ನಡೆಸಿದವು. ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರಕ್ಕೆ ಪತ್ರ ಬರೆದರು. ಬಳಿಕ ಕನ್ನಡ ಮತ್ತು ಇಂಗ್ಲಿಷ್ ಉಳಿದವು. ನಿರೂಪಕಿ, ನಟಿ ಅಪರ್ಣಾ ಅವರ ಧ್ವನಿ ಮೆಟ್ರೊದ ಕನ್ನಡ ಪ್ರಕಟಣೆಗಳಿಗೆ ಸ್ಪಷ್ಟತೆ, ಘನತೆಗಳನ್ನು ಕೊಟ್ಟಿತು. ಅವರು 2024ರ ಜುಲೈಯಲ್ಲಿ ತೀರಿಕೊಂಡರು. ಅವರ ಬಾಯಲ್ಲಿ ಲಕ್ಷಾಂತರ ಜನ ಕೇಳಿದ ‘ನಿಲ್ದಾಣ’ ಎಂಬುದು ನಿಲ್, ತಾಣ ಸೇರಿ ಆದದ್ದು, ತಕಾರ ದಕಾರವಾದ ಆದೇಶಸಂಧಿ. ಮಾರ್ಗಗಳಿಗೂ ಬಣ್ಣಗಳ ಕನ್ನಡ ಹೆಸರುಗಳಿವೆ: ನೇರಳೆ, ಹಸಿರು, 2025ರ ಆಗಸ್ಟಿನಿಂದ ಹಳದಿ. ‘ನೇರಳೆ’ ಹಣ್ಣಿನಿಂದ ಬಂದ ಬಣ್ಣದ ಹೆಸರು.

ಅಂಜನಾಪುರದ ಅಂಚಿನಲ್ಲಿ

ಹಸಿರು ಮಾರ್ಗ 2017ರ ಜೂನ್ 17ರಂದು ಸಂಪಿಗೆ ರಸ್ತೆಯಿಂದ ನ್ಯಾಷನಲ್ ಕಾಲೇಜು, ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ಹಾದು ಯಲಚೇನಹಳ್ಳಿಯವರೆಗೆ ಬಂತು. 2021ರ ಜನವರಿ 14ರಂದು, ಸಂಕ್ರಾಂತಿಯ ದಿನ, ಕನಕಪುರ ರಸ್ತೆಯುದ್ದಕ್ಕೂ ಇನ್ನೂ ಸುಮಾರು 6 ಕಿ.ಮೀ. ಸೇರಿಕೊಂಡಿತು. ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ ಮತ್ತು ರೇಷ್ಮೆ ಸಂಸ್ಥೆ ಆ ಐದು ನಿಲ್ದಾಣಗಳು. ಇವೆಲ್ಲ ಕಂಬಗಳ ಮೇಲಿವೆ. ಹಸಿರು ಮಾರ್ಗದ ರೈಲು ನ್ಯಾಷನಲ್ ಕಾಲೇಜು ದಾಟಿದ ಮೇಲೆ ಸುರಂಗಕ್ಕಿಳಿದು, ಮೆಜೆಸ್ಟಿಕ್ ಮುಟ್ಟಿ, ಸಂಪಿಗೆ ರಸ್ತೆಯ ಹೊತ್ತಿಗೆ ಮತ್ತೆ ಮೇಲೇರುತ್ತದೆ. ಇಂಥ ರೈಲಿಗೆ ನೆಲದಡಿ, ಕೊಳವೆ, ಸುರಂಗ, ಪಾತಾಳ ಎಂಬ ಯಾವ ಹೆಸರೂ ಪೂರ್ತಿ ನಿಜವಾಗುತ್ತಿರಲಿಲ್ಲ, ಎತ್ತರದ ರೈಲು ಎಂಬುದೂ ಅರ್ಧಸತ್ಯ. ಜಾಗದ ಹಂಗಿಲ್ಲದ ಮೆಟ್ರೊ ಎಂಬ ಹೆಸರು ಎರಡೂ ಕಡೆ ಸಲ್ಲುತ್ತದೆ.

ಯೋಜನೆಯ ಹಂತದಲ್ಲಿ ಅಂಜನಾಪುರದ ಹೆಸರು ಈ ಮಾರ್ಗದಲ್ಲಿ ಎರಡು ಕಡೆ ಇತ್ತು. ಇಂದಿನ ಕೋಣನಕುಂಟೆ ಕ್ರಾಸ್ ಆಗ ಅಂಜನಾಪುರ ರಸ್ತೆ ಕ್ರಾಸ್, ಇಂದಿನ ರೇಷ್ಮೆ ಸಂಸ್ಥೆ ಆಗ ಅಂಜನಾಪುರ ಟೌನ್‌ಷಿಪ್. ದೊಡ್ಡಕಲ್ಲಸಂದ್ರಕ್ಕಿದ್ದ ಹೆಸರು ಕೃಷ್ಣಲೀಲಾ ಪಾರ್ಕ್. ಮಾರ್ಗ ತೆರೆಯುವ ಹೊತ್ತಿಗೆ ಕೊನೆಯ ನಿಲ್ದಾಣಕ್ಕೆ ತಲಘಟ್ಟಪುರದ ರಾಜ್ಯ ರೇಷ್ಮೆ ಸಂಶೋಧನಾ ಸಂಸ್ಥೆಯ ಹೆಸರು ಬಂತು. ಈಗ ಅಂಜನಾಪುರ ಉಳಿದಿರುವುದು ಮಾರ್ಗದ ತುದಿಯ ಡಿಪೊದ ಹೆಸರಿನಲ್ಲಿ. ಪುರಾಣದಲ್ಲಿ ಅಂಜನಾ ಹನುಮಂತನ ತಾಯಿ. ತಾಯಿಯ ಹೆಸರೂ ಪುರವೂ ಕೂಡಿದ ಈ ಪದ, ತಾಯಿನಗರ ಎಂಬ ಗ್ರೀಕ್ ಪದದ ಅರ್ಥವನ್ನೇ ತಿಳಿಯದೆ ಹೊತ್ತುಕೊಂಡಿದೆ.

ಈ ತುಣುಕಿನ ನಿಲ್ದಾಣಗಳ ಹೆಸರುಗಳಲ್ಲಿ ಬೆಂಗಳೂರಿನ ದಕ್ಷಿಣದ ನೆಲದ ಚರಿತ್ರೆಯೇ ಇದೆ. ‘ಕುಂಟೆ’ ಎಂದರೆ ಸಣ್ಣ ನೀರಿನ ಗುಂಡಿ, ಹೊಂಡ. ‘ಸಂದ್ರ’ ಎಂಬುದು ದೊಡ್ಡ ಕೆರೆಗೆ ಇಡುತ್ತಿದ್ದ ‘ಸಮುದ್ರ’ ಎಂಬ ಹೆಸರಿನ ಸವೆದ ರೂಪವೆಂದು ಸ್ಥಳನಾಮಗಳ ಅಧ್ಯಯನ ಹೇಳುತ್ತದೆ. ಹಳ್ಳಿ, ಕುಂಟೆ, ಸಂದ್ರ, ಪುರ: ಊರು, ಹೊಂಡ, ಕೆರೆ, ಪಟ್ಟಣ. ಬಡಾವಣೆಗಳು ಬರುವ ಮುಂಚೆ ಇಲ್ಲಿ ಜನ ಹೇಗೆ ಬಾಳಿದ್ದರೆಂಬುದಕ್ಕೆ ಈ ಪ್ರತ್ಯಯಗಳು ಸಾಕ್ಷಿ.

ಸ್ಥಾನಮಾನ

ಮೆಟ್ರೊಗೆ ಬದಲಿ ಕನ್ನಡ ಪದ ಕಟ್ಟುವ ಒತ್ತಡ ಕಂಡುಬಂದಿಲ್ಲ, ಅದರ ಅಗತ್ಯವೂ ಇಲ್ಲ. ಲಂಡನ್ ಕಂಪನಿಯೊಂದರ ಹೆಸರಾಗಿ ಹೊರಟು, ಪ್ಯಾರಿಸ್ಸಿನಲ್ಲಿ ಮೊಟಕಾಗಿ, ಕನ್ನಡದಲ್ಲಿ ವಿಭಕ್ತಿಗಳನ್ನೂ ‘ನಮ್ಮ’ ಎಂಬ ವಿಶೇಷಣವನ್ನೂ ಪಡೆದ ಪದ ಇದು. ಕನ್ನಡದ ಕಾಳಜಿ ಬೇಕಾಗಿರುವುದು ಮೆಟ್ರೊ ಸಾಗುವ ಊರುಗಳ ಹೆಸರುಗಳಿಗೆ. ಹಳ್ಳಿ, ಕುಂಟೆ, ಸಂದ್ರ, ಪುರಗಳನ್ನು ಫಲಕಗಳಲ್ಲಿ ಸರಿಯಾಗಿ ಬರೆಯುವುದು, ಪ್ರಕಟಣೆಯಲ್ಲಿ ಸರಿಯಾಗಿ ಉಚ್ಚರಿಸುವುದು, ಹೊಸ ಮಾರ್ಗಗಳಲ್ಲಿ ನಿಲ್ದಾಣದ ಹೆಸರಿಡುವಾಗ ಮೊದಲು ಅಲ್ಲಿನ ಊರನ್ನೇ ಕೇಳುವುದು ಆಗಬೇಕಾದ ಕೆಲಸ. ನಿಗಮವೂ ಪ್ರಯಾಣಿಕರೂ ಇದನ್ನು ಪಾಲಿಸಿದರೆ ‘ನಮ್ಮ’ ಎಂಬ ಮಾತಿಗೆ ಅದಕ್ಕೆ ತಕ್ಕ ಅರ್ಥ ಉಳಿಯುತ್ತದೆ.